ಎಡೋ ನಗರದ ಅಚ್ಚುಚಿತ್ರಗಳು ಮತ್ತು ಅವುಗಳ ಬಣ್ಣ

ಜಪಾನಿನ ರಾಜಧಾನಿಯಾದ ಟೋಕಿಯೋಗೆ 1868ರ ವರೆಗೆ ಎಡೋ ಎಂಬ ಹೆಸರಿದ್ದಿತು. ಅಲ್ಲಿನ ವರ್ತಕರೂ ಕುಶಲಕರ್ಮಿಗಳೂ ಮೆಚ್ಚಿದ ನಟರು, ಗಣಿಕೆಯರು, ಹೂಬಿಟ್ಟ ಚೆರಿ ಮರಗಳು, ಪ್ರಯಾಣದ ದಾರಿಗಳು ಇವನ್ನೆಲ್ಲ ಮರದ ಅಚ್ಚುಗಳಿಂದ ಕಾಗದದ ಮೇಲೆ ಮೂಡಿಸಿದ ಚಿತ್ರಗಳಿಗೆ ಉಕಿಯೊ-ಎ ಎನ್ನುವರು. ‘ತೇಲುವ ಲೋಕದ ಚಿತ್ರ’ ಎಂದು ಅದರ ಅರ್ಥ. ಒಂದೆರಡು ಬಟ್ಟಲು ಶಾವಿಗೆಯ ಬೆಲೆಗೆ ದೊರೆಯುತ್ತಿದ್ದ ಈ ಹಾಳೆಗಳನ್ನು ಇಂದು ನೋಡುವಾಗ ನಾವು ಒಂದು ವಿಷಯವನ್ನು ಮರೆಯಬಾರದು. ಎಡೋ ನಿವಾಸಿಗಳು ಕಂಡ ಬಣ್ಣಗಳಲ್ಲಿ ಎಷ್ಟೋ ಈಗ ಉಳಿದಿಲ್ಲ.

ಚಿತ್ರಕಾರನ ಹೆಸರೊಂದೇ ಪ್ರಸಿದ್ಧವಾಗಿದ್ದರೂ ಪ್ರಕಾಶಕ, ಕೆತ್ತುವವ, ಅಚ್ಚೊತ್ತುವವ ಇವರಿಲ್ಲದೆ ಚಿತ್ರವಿಲ್ಲ. ತೆಳುಕಾಗದದ ಮೇಲೆ ಬರೆದ ರೇಖಾಚಿತ್ರವನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಗೆರೆಗಳನ್ನು ಮಾತ್ರ ಉಳಿಸಿ ಮಿಕ್ಕ ಮರವನ್ನು ಕೆತ್ತಿ ತೆಗೆಯುವರು. ಮೂಲಚಿತ್ರವು ಅಲ್ಲಿಗೇ ನಾಶವಾಗುವುದು. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಬೇರೆ ಹಲಗೆ ಬೇಕು. ಹಾಳೆ ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಡುವುದಾದ್ದರಿಂದ ಪ್ರತಿ ಹಲಗೆಯಲ್ಲಿಯೂ ‘ಕೆಂಟೊ’ ಎಂಬ ಎರಡು ಕಚ್ಚುಗಳನ್ನು ಒಂದೇ ಸ್ಥಾನದಲ್ಲಿ ಮಾಡಿ, ಹಾಳೆಯ ಮೂಲೆಯನ್ನೂ ಅಂಚನ್ನೂ ಅವಕ್ಕೆ ತಾಗಿಸಿ ಇಡುತ್ತಿದ್ದರು. ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಕೋಜೊ ಗಿಡದ ನಾರಿನ ಕಾಗದ ಎಷ್ಟು ಉಜ್ಜಿದರೂ ಹರಿಯದು. ಸುಜುಕಿ ಹರುನೊಬುವಿನ ಬಹುವರ್ಣ ಚಿತ್ರಗಳು 1765ರಲ್ಲಿ ಬಂದದ್ದು ಹೀಗೆ.

ಬಣ್ಣಗಳು ಬಹುಮಟ್ಟಿಗೆ ಸಸ್ಯಜನ್ಯ. ನಮ್ಮ ರೈತರು ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನಿಂದ ಕೆಂಪು. ಮುಂಜಾನೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಒಂದು ಕಾಡುಹೂವಿನಿಂದ ನೀಲಿ. ಎರಡೂ ಬೆರೆತರೆ ನೇರಿಳೆ. ಆ ನೀಲಿಯಾದರೋ ತೇವಕ್ಕೂ ಬೆಳಕಿಗೂ ತಾಳದು. ಹರುನೊಬುವಿನ ಹೊಳೆಗಳು ಈಗ ಮಾಸಲು ಹಳದಿಯಾಗಿ ಕಾಣುವುದು ಅವನ ಅಭಿರುಚಿಯಲ್ಲ, ರಸಾಯನದ ಫಲ.

18ನೆಯ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್ನಿನಲ್ಲಿ ಕೆಂಪು ಬಣ್ಣ ತಯಾರಿಸಲು ಹೊರಟವರ ಕೈಗೆ ಅನಿರೀಕ್ಷಿತವಾಗಿ ಗಾಢ ನೀಲಿಯೊಂದು ಸಿಕ್ಕಿತು. ಪ್ರಷ್ಯನ್ ನೀಲಿ ಎಂದು ಕರೆಯುವ ಈ ವಸ್ತುವಿನಲ್ಲಿ ಎರಡು ಬಗೆಯ ಕಬ್ಬಿಣದ ಅಯಾನುಗಳು ಸಯನೈಡ್ ಕೊಂಡಿಗಳಿಂದ ಹೆಣೆದುಕೊಂಡಿವೆ. ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ದಾಟುವಾಗ ಬೆಳಕಿನ ಕೆಂಪು ಭಾಗ ಹೀರಲ್ಪಟ್ಟು, ನೀಲಿಯು ನಮ್ಮ ಕಣ್ಣಿಗೆ ಬೀಳುವುದು. ನಾಗಸಾಕಿ ಬಂದರಿನ ಮೂಲಕ ಬರುತ್ತಿದ್ದ ಈ ಬಣ್ಣ 1820ರ ದಶಕದ ಕೊನೆಗೆ ಅಗ್ಗವಾಯಿತು. ಎಪ್ಪತ್ತರ ಹೊಸ್ತಿಲಲ್ಲಿದ್ದ ಹೊಕುಸಾಯ್ ಅದನ್ನು ಕೂಡಲೇ ಹಿಡಿದನು. ಸುಮಾರು 1831ರ ಅವನ ಮಹಾತರಂಗದ ಚಿತ್ರದಲ್ಲಿ ಅಲೆ ಇಂದಿಗೂ ನೀಲಿಯಾಗಿಯೇ ಇದೆ. ಅದೇ ಚಿತ್ರದ ಆಕಾಶದಲ್ಲಿದ್ದ ನಸುಗೆಂಪು ಮೋಡ ಎಷ್ಟೋ ಪ್ರತಿಗಳಲ್ಲಿ ಅಳಿಸಿಹೋಗಿದೆ.

ಆದುದರಿಂದಲೇ ವಸ್ತುಸಂಗ್ರಹಾಲಯಗಳು ಈ ಚಿತ್ರಗಳನ್ನು ಮಂದ ಬೆಳಕಿನಲ್ಲಿ ಕೆಲಕಾಲವಷ್ಟೇ ತೋರಿಸಿ ಮತ್ತೆ ಕತ್ತಲೆಗೆ ಕಳುಹುತ್ತವೆ. ಅಮೆರಿಕದ ಸ್ಪಾಲ್ಡಿಂಗ್ ಸೋದರರು ಇನ್ನೂ ಮುಂದೆ ಹೋದರು. 1921ರಲ್ಲಿ ಆರು ಸಾವಿರಕ್ಕೂ ಮಿಕ್ಕ ಚಿತ್ರಗಳನ್ನು ಬಾಸ್ಟನ್ನಿನ ಕಲಾಸಂಗ್ರಹಾಲಯಕ್ಕೆ ಕೊಡುವಾಗ, ಅವನ್ನು ಎಂದಿಗೂ ಪ್ರದರ್ಶನಕ್ಕೆ ಇಡಕೂಡದೆಂದು ಷರತ್ತು ಹಾಕಿದರು. ಕಠಿನವೆನಿಸಿದರೂ, ಹರುನೊಬುವಿನ ನೀಲಿ ಹೇಗಿದ್ದಿತೆಂದು ತಿಳಿಯಲು ಇಂದು ವಿದ್ವಾಂಸರು ನೆಚ್ಚುವುದು ಆ ಪೆಟ್ಟಿಗೆಗಳನ್ನೇ. ಉಳಿದವರಿಗೆ ಅವುಗಳ ಛಾಯಾಚಿತ್ರಗಳಿವೆ.