ಆರನೆಯ ಸಂಖ್ಯೆ

ನಮ್ಮ ಸಂಘದ ಕವಿಮಿತ್ರರು ಕ್ಷಮಿಸಬೇಕು, ಈ ಸಲ ನನ್ನದು ಲೆಕ್ಕದ ಪಾಠ. ಸಂಖ್ಯೆ 4294967297.

ಒಂದೇ 2ಕ್ಕೆ 1 ಕೂಡಿಸಿದರೆ 3. ಎರಡು 2ಗಳನ್ನು ಗುಣಿಸಿ 1 ಕೂಡಿಸಿದರೆ 5. ಹೀಗೇ ನಾಲ್ಕು 2ಗಳಿಂದ 17, ಎಂಟರಿಂದ 257, ಹದಿನಾರರಿಂದ 65537. ಐದೂ ಅವಿಭಾಜ್ಯ, ಅಂದರೆ 1 ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗವು. ಮೂವತ್ತೆರಡು 2ಗಳಿಂದ ಹುಟ್ಟುವ ಆರನೆಯದೇ ನಮ್ಮ ಸಂಖ್ಯೆ. ಇದೂ, ಇದರ ಮುಂದಿನವೂ ಅವಿಭಾಜ್ಯವೆಂದೇ ತನ್ನ ನಂಬಿಕೆಯೆಂದು ಫ್ರಾನ್ಸಿನ ಫರ್ಮಾ 1640ರಲ್ಲಿ ಕಾಗದ ಬರೆದ. ಸಾಧಿಸಿ ಮಾತ್ರ ತೋರಿಸಲಿಲ್ಲ.

ಅಷ್ಟು ದೊಡ್ಡ ಮನುಷ್ಯ ಹೇಳಿದ ಮೇಲೆ ಇನ್ನೇನು ಅಂತ ನಾನೂ ನಂಬಿದ್ದೆ. ಆದರೂ ಒಂದು ರಾತ್ರಿ ಹಾಸ್ಟೆಲಿನಲ್ಲಿ ಭಾಗಾಕಾರಕ್ಕೆ ಕೂತೆ. 3, 5, 7, 11... 101 ಮುಗಿಯುವ ಹೊತ್ತಿಗೆ ಇಪ್ಪತ್ತೈದು ಭಾಗಾಕಾರ. ಪ್ರತಿ ಸಲವೂ ಶೇಷ ಉಳೀತು. ಕೋಣೆಯ ಮರಾಠಿ ಗೆಳೆಯ ದೀಪ ಆರಿಸೆಂದು ಗೊಣಗಿದ. ಫರ್ಮಾನೇ ಸರಿ ಅಂದುಕೊಂಡು ಮಲಗಿಬಿಟ್ಟೆ. ಪೂರ್ತಿ ಪರೀಕ್ಷೆಗೆ 65536ರ ತನಕ ಹೋಗಬೇಕಿತ್ತು!

1732ರಲ್ಲೇ ಆಯ್ಲರ್ ಇದನ್ನು ಒಡೆದಿದ್ದ: 641 × 6700417. ಅವನೇ ಸಾಧಿಸಿದ ನಿಯಮವೊಂದಿದೆ. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಈ ಜರಡಿ ಹಿಡಿದು ನೋಡಿ: 193, 257, 449, 577, 641. ಐದನೆಯ ಭಾಗಾಕಾರಕ್ಕೇ ಗುಟ್ಟು ರಟ್ಟು. ನನ್ನ ಇಪ್ಪತ್ತೈದರಲ್ಲಿ ಒಂದೂ ಜರಡಿಯಲ್ಲಿ ನಿಲ್ಲುತ್ತಿರಲಿಲ್ಲ!

ಆ ಮೊದಲ ಐದರ ಆಚೆ ಇಂದಿನವರೆಗೂ ಒಂದೂ ಅವಿಭಾಜ್ಯ ಸಿಕ್ಕಿಲ್ಲ. ಹಾಗಾದರೆ ಇನ್ನು ಸಿಗುವುದೇ ಇಲ್ಲ ಅನ್ನೋಣವೇ? ಅದನ್ನೂ ಯಾರೂ ಸಾಧಿಸಿ ತೋರಿಸಿಲ್ಲ.