ವಾಹನ ವಿಮೆಯ ಕ್ಲೇಮಿಗೆ ತಕರಾರು ಬಂದಾಗ



ಮಲೆನಾಡಿನ ಸಣ್ಣ ಬೆಳೆಗಾರನಿಗೆ ಜೀಪು ಅಥವಾ ಪಿಕಪ್ ಶೋಕಿಯ ವಸ್ತುವಲ್ಲ. ಗೊಬ್ಬರ ತರುವುದಕ್ಕೂ ಕಾಫಿ, ಅಡಿಕೆ ಮೂಟೆಗಳನ್ನು ಸಾಗಿಸುವುದಕ್ಕೂ ಅದೇ ಆಧಾರ. ಕುಯಿಲಿನ ದಿನಗಳಲ್ಲಿ ಅದು ಗ್ಯಾರೇಜು ಸೇರಿದರೆ ರಿಪೇರಿಯ ಜೊತೆಗೆ ಬಾಡಿಗೆ ವಾಹನದ ಖರ್ಚೂ ಮೈಮೇಲೆ ಬೀಳುತ್ತದೆ. ಅಂಥ ಹೊತ್ತಿನಲ್ಲಿ ವಿಮಾ ಕಂಪೆನಿ ಕ್ಲೇಮನ್ನು ತಿರಸ್ಕರಿಸಿದರೆ, “ಕಂಪೆನಿಯ ಜೊತೆ ಜಗಳವೇಕೆ” ಎಂದು ನಮ್ಮಲ್ಲಿ ಹಲವರು ಸುಮ್ಮನಾಗುವುದುಂಟು. ಕ್ರಮವರಿತು ನಡೆದರೆ ವಕೀಲರಿಲ್ಲದೆಯೂ ನ್ಯಾಯ ಕೇಳಬಹುದು. ಆ ಕ್ರಮವನ್ನು ಇಲ್ಲಿ ತಿಳಿಯೋಣ.

1. ಪಾಲಿಸಿ ಯಾವ ಬಗೆಯದು?

1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದರಲ್ಲಿ ನಮ್ಮ ವಾಹನದ ಹಾನಿಗೆ ಪರಿಹಾರ ಇಲ್ಲ. ಅದಕ್ಕೆ ಸ್ವಂತ ಹಾನಿಯ ವಿಮೆಯೂ ಇರಬೇಕು. ಮೊದಲು ಇದನ್ನು ನೋಡಿಕೊಂಡು ಮುಂದಿನ ಹೆಜ್ಜೆ ಇಡುವುದು ಲೇಸು.

2. ಅಪಘಾತವಾದ ಕೂಡಲೆ

ವಾಹನವನ್ನು ಸರಿಸುವ ಮೊದಲೇ ಫೋಟೋ ತೆಗೆಯಿರಿ. ಅದೇ ದಿನ ಕಂಪೆನಿಗೆ ತಿಳಿಸಿ ಕ್ಲೇಮ್ ನಂಬರು ಬರೆದಿಟ್ಟುಕೊಳ್ಳಿ. ಕಳವಾದರೆ, ಯಾರಿಗಾದರೂ ಪೆಟ್ಟಾದರೆ ಪೊಲೀಸರಿಗೆ ತಕ್ಷಣ ದೂರು ಕೊಡಿ. ಸರ್ವೇಯರು ನೋಡುವ ಮುನ್ನ ರಿಪೇರಿ ಆರಂಭಿಸಬೇಡಿ. ಅವರ ವರದಿಯ ಪ್ರತಿಯನ್ನು ಬರಹದಲ್ಲಿ ಕೇಳಿ.

3. ಕಡಿತದ ಲೆಕ್ಕ

ತಕರಾರು ಹೆಚ್ಚಾಗಿ ಏಳುವುದು ಸವಕಳಿಯ ವಿಷಯದಲ್ಲಿ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಶೇ. 50 ಕಳೆಯುತ್ತಾರೆ. ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಮೇಲೆ ಕಡಿತ: 3ರಿಂದ 4 ವರ್ಷಕ್ಕೆ ಶೇ. 25, 4ರಿಂದ 5 ವರ್ಷಕ್ಕೆ ಶೇ. 35, 5ರಿಂದ 10 ವರ್ಷಕ್ಕೆ ಶೇ. 40.

ಉದಾಹರಣೆಗೆ, ನಾಲ್ಕೂವರೆ ವರ್ಷದ ಜೀಪಿನ ಬಿಲ್ಲು ರೂ. 90,000 ಎನ್ನೋಣ. ಲೋಹದ ಭಾಗ 60,000, ಪ್ಲಾಸ್ಟಿಕ್ ಮತ್ತು ರಬ್ಬರು 10,000, ಗಾಜು 8,000, ಮಜೂರಿ 12,000. ಲೋಹದಲ್ಲಿ 21,000, ಪ್ಲಾಸ್ಟಿಕ್‌ನಲ್ಲಿ 5,000 ಹೋಗುತ್ತದೆ. ಪಾಲಿಸಿಯಲ್ಲಿ ಕಡ್ಡಾಯ ಕಡಿತ 2,000 ಎಂದಿದ್ದರೆ ಅದನ್ನೂ ಕಳೆದು ರೂ. 62,000 ಬರಬೇಕು. ಕಂಪೆನಿ 48,000 ಎಂದರೆ ಉಳಿದ 14,000 ಯಾವ ಬಾಬಿನಲ್ಲಿ ಹೋಯಿತೆಂದು ಬರಹದಲ್ಲಿ ಕೇಳಿ. ಒಪ್ಪಿಗೆ ಇಲ್ಲದಿದ್ದರೆ “ಪೂರ್ಣ ಮತ್ತು ಅಂತಿಮ” ಎಂಬ ರಸೀತಿಗೆ ಸಹಿ ಹಾಕುವ ಮೊದಲೇ ಆಕ್ಷೇಪಣೆಯ ಪತ್ರ ಕೊಡಿ.

4. ಪೂರ್ತಿ ತಿರಸ್ಕರಿಸಿದರೆ

ತಿರಸ್ಕಾರಕ್ಕೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು. ಎಲ್ಲ ಕಾರಣಗಳೂ ನಿಲ್ಲುವುದಿಲ್ಲ.

ಪಿಕಪ್ ಓಡಿಸಿದವನಿಗೆ ಸರಕು ವಾಹನದ ಪ್ರತ್ಯೇಕ ಲೈಸೆನ್ಸ್ ಇರಲಿಲ್ಲ ಎಂಬುದು ಹಳೆಯ ತಕರಾರು. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರ್ 6ರಂದು ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಕಳವಿನ ಪ್ರಕರಣದಲ್ಲಿ ಪೊಲೀಸರಿಗೆ ಕೂಡಲೆ ದೂರು ಕೊಟ್ಟಿದ್ದರೆ, ಕಂಪೆನಿಗೆ ತಡವಾಗಿ ತಿಳಿಸಿದರೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು 2020ರಲ್ಲಿ ಅದೇ ಕೋರ್ಟು ತೀರ್ಮಾನಿಸಿದೆ. ಆದರೆ ಲೈಸೆನ್ಸ್ ಇಲ್ಲದವನು ಅಥವಾ ಕುಡಿದವನು ಓಡಿಸಿದ್ದರೆ ನಮ್ಮ ವಾದಕ್ಕೆ ಬಲವಿರುವುದಿಲ್ಲ. ಸ್ವಂತ ಬಳಕೆಯ ಜೀಪನ್ನು ಬಾಡಿಗೆಗೆ ಬಿಡುವುದೂ ತಕರಾರಿಗೆ ದಾರಿ.

5. ದೂರಿನ ಮೆಟ್ಟಿಲುಗಳು

ಮೊದಲನೆಯದು, ಕಂಪೆನಿಯ ದೂರು ಪರಿಹಾರ ಅಧಿಕಾರಿಗೆ ಪತ್ರ. ಪಾಲಿಸಿ ನಂಬರು, ಕ್ಲೇಮ್ ನಂಬರು, ನಡೆದ ಸಂಗತಿ, ಬರಬೇಕಾದ ಮೊತ್ತ, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಜೋಪಾನ ಮಾಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ದಲ್ಲೂ ದೂರು ದಾಖಲಿಸಬಹುದು.

ಎರಡನೆಯದು, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಕಂಪೆನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಇಲ್ಲಿಗೆ ಬರೆಯಬೇಕು. ಶುಲ್ಕವಿಲ್ಲ, ವಕೀಲರೂ ಬೇಡ. ರೂ. 50 ಲಕ್ಷದವರೆಗಿನ ಪರಿಹಾರ ಇವರ ಅಧಿಕಾರದಲ್ಲಿದೆ. ಇವರ ತೀರ್ಪಿಗೆ ಕಂಪೆನಿ ಬದ್ಧ.

ಮೂರನೆಯದು, ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬಹುದು. ಆಯೋಗದಲ್ಲಿ ದೂರು ನಡೆಯುತ್ತಿರುವಾಗ ಅದೇ ವಿಷಯವನ್ನು ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಮೆಟ್ಟಿಲನ್ನು ಒಂದೊಂದಾಗಿ ಏರುವುದೇ ಜಾಣತನ.

ಪಾಲಿಸಿ, ಲೈಸೆನ್ಸ್, ಆರ್.ಸಿ., ಬಿಲ್ಲು, ಪತ್ರಗಳ ಪ್ರತಿ ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸಿಡಿ. ತೋಟದ ಲೆಕ್ಕದ ಪುಸ್ತಕಕ್ಕೆ ಕೊಡುವ ಜಾಗವನ್ನೇ ಇದಕ್ಕೂ ಕೊಡಿ. ತಕರಾರು ಬಂದ ದಿನ ನಮ್ಮ ಪರವಾಗಿ ಮಾತಾಡುವುದು ಆ ಕಾಗದಗಳೇ.