ಕ್ಲಚ್ಚಿನ ಬಿಲ್ಲೆಯನ್ನು ಬದಲಿಸುವುದು

ಮೋಟಾರು ಕಾರೊಂದು ಘಟ್ಟವನ್ನೇರುತ್ತಿದೆ. ಚಾಲಕನು ಆಕ್ಸಿಲರೇಟರನ್ನು ಒತ್ತುತ್ತಾನೆ. ಎಂಜಿನಿನ ಭೋರ್ಗರೆತ ಹೆಚ್ಚುತ್ತದೆ, ಕಾರಿನ ವೇಗ ಮಾತ್ರ ಹೆಚ್ಚುವುದಿಲ್ಲ. ತುಸು ಹೊತ್ತಿನಲ್ಲಿ ಸುಟ್ಟ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಎಂಜಿನೇ ಕೆಟ್ಟಿತೆಂದು ಹಲವರು ಗಾಬರಿಗೊಳ್ಳುವುದುಂಟು. ಸಾಮಾನ್ಯವಾಗಿ ಸವೆದಿರುವುದು ಎಂಜಿನಿನ ಶಕ್ತಿಯನ್ನು ಗೇರುಪೆಟ್ಟಿಗೆಗೆ ದಾಟಿಸುವ ಕ್ಲಚ್ಚು. ಅದನ್ನು ಮನೆಯ ಷೆಡ್ಡಿನಲ್ಲಿಯೇ ಬದಲಿಸಬಹುದೇ? ಬದಲಿಸಬಹುದು. ಆದರೆ ಸ್ಪ್ಯಾನರನ್ನು ಹಿಡಿಯುವ ಮೊದಲು ಕ್ಲಚ್ಚು ಹೇಗೆ ಕೆಲಸಮಾಡುತ್ತದೆಂಬುದನ್ನು ಅರಿತಿರಬೇಕು.

ಎಂಜಿನಿನ ಹಿಂತುದಿಯಲ್ಲಿ ಫ್ಲೈವೀಲೆಂಬ ಭಾರವಾದ ಚಕ್ರವಿದೆ. ಅದಕ್ಕೆ ಮುಖಾಮುಖಿಯಾಗಿ ಸ್ಪ್ರಿಂಗುಗಳಿಂದ ಒತ್ತಲ್ಪಟ್ಟ ಒಂದು ಉಕ್ಕಿನ ತಟ್ಟೆ. ಇವೆರಡರ ನಡುವೆ, ಇಕ್ಕಳದ ಬಾಯಿಯಲ್ಲಿ ಸಿಕ್ಕಂತೆ, ಕ್ಲಚ್ಚಿನ ಬಿಲ್ಲೆ ಸಿಕ್ಕಿಕೊಂಡಿರುತ್ತದೆ. ಬಿಲ್ಲೆಯ ನಡುರಂಧ್ರದ ಹಲ್ಲುಗಳಲ್ಲಿ ಗೇರುಪೆಟ್ಟಿಗೆಯ ದಂಡ ಕೂಡುತ್ತದೆ. ನಾವು ಪೆಡಲನ್ನು ತುಳಿದಾಗ ತಟ್ಟೆ ಹಿಂದೆ ಸರಿದು ಬಿಲ್ಲೆ ಬಿಡುಗಡೆ ಹೊಂದುತ್ತದೆ. ಕಾಲು ತೆಗೆದೊಡನೆ ಮತ್ತೆ ಬಿಗಿಯುತ್ತದೆ. ಬಿಲ್ಲೆಯನ್ನು ಫ್ಲೈವೀಲಿಗೆ ಕಟ್ಟಿಹಾಕುವ ಮೊಳೆಯಾಗಲಿ ಕೊಂಡಿಯಾಗಲಿ ಇಲ್ಲ. ಇಡೀ ಕಾರನ್ನು ಎಳೆಯುವ ಶಕ್ತಿ ಘರ್ಷಣೆಯೊಂದರ ಮೂಲಕವೇ ದಾಟಬೇಕು.

ಒಂದು ಲೆಕ್ಕವನ್ನು ಮಾಡೋಣ. ಸ್ಪ್ರಿಂಗುಗಳು ಒತ್ತುವ ಬಲ 4,000 ನ್ಯೂಟನ್, ಘರ್ಷಣಾಂಕ 0.3, ಬಿಲ್ಲೆಯ ಸರಾಸರಿ ತ್ರಿಜ್ಯ 9 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಬಿಲ್ಲೆಗೆ ಎರಡು ಮುಖಗಳಿರುವುದರಿಂದ ನಾಲ್ಕನ್ನೂ ಗುಣಿಸಿದರೆ, ಅಂದರೆ 2 × 0.3 × 4,000 × 0.09, ಕ್ಲಚ್ಚು ಜಾರದೆ ದಾಟಿಸಬಲ್ಲ ತಿರುಗುಬಲ 216 ನ್ಯೂಟನ್-ಮೀಟರು. ಎಂಜಿನಿನ ಗರಿಷ್ಠ ತಿರುಗುಬಲ 110 ಇದ್ದರೆ ನಮಗೆ ಸುಮಾರು ಇಮ್ಮಡಿ ರಕ್ಷಣೆ ದೊರೆಯಿತು. ಈಗ ಬಿಲ್ಲೆಯ ಮೇಲೆ ಎಣ್ಣೆ ಹರಡಿ ಘರ್ಷಣಾಂಕ 0.1ಕ್ಕೆ ಇಳಿಯಿತೆನ್ನಿ. ಉತ್ತರ 72! ಎಂಜಿನಿನ ಬಲಕ್ಕಿಂತ ಕಡಿಮೆ. ಬಿಲ್ಲೆ ಹೊಸದೇ ಆಗಿದ್ದರೂ ಜಾರುತ್ತದೆ. ಸುರುಳಿ ಸ್ಪ್ರಿಂಗುಗಳ ಹಳೆಯ ಕ್ಲಚ್ಚುಗಳಲ್ಲಿ ಬಿಲ್ಲೆ ಸವೆದು ತೆಳುವಾದಂತೆ ಸ್ಪ್ರಿಂಗು ಸಡಿಲಿಸಿ ಒತ್ತುವ ಬಲವೂ ಕುಗ್ಗುವುದರಿಂದ ಪರಿಣಾಮ ಅದೇ.

ಈ ಲೆಕ್ಕವನ್ನು ನಾವು ಕಾಗದದ ಮೇಲೆ ಕಲಿಯುವ ಮೊದಲು ಕಾರಿನಡಿಯಲ್ಲಿ ಕಲಿತೆವು. ನಮ್ಮ ಮೊದಲ ಪ್ರಯತ್ನದಲ್ಲಿ ಬಿಲ್ಲೆಯನ್ನೂ ತಟ್ಟೆಯನ್ನೂ ಹೊಸದಾಗಿ ಹಾಕಿದ್ದೆವು. ಗೇರುಪೆಟ್ಟಿಗೆಯ ಮುಂದುಗಡೆ ಎಣ್ಣೆಯ ಪಸೆ ಕಂಡಿದ್ದರೂ ಬಟ್ಟೆಯಿಂದ ಒರಸಿ ಸುಮ್ಮನಾದೆವು. ಕೆಲವೇ ತಿಂಗಳಲ್ಲಿ ಕ್ಲಚ್ಚು ಮತ್ತೆ ಜಾರಿತು. ಅತ್ಯಲ್ಪ ಬೆಲೆಯ ರಬ್ಬರಿನ ಎಣ್ಣೆತಡೆಯೊಂದನ್ನು ಬದಲಿಸದಿದ್ದುದಕ್ಕಾಗಿ ಎರಡು ದಿನಗಳ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ಬಿಚ್ಚಿದಾಗ ಎಲ್ಲಿಯಾದರೂ ಎಣ್ಣೆ ಕಂಡರೆ ಅದರ ಮೂಲವನ್ನು ಹುಡುಕದೆ ಮುಂದುವರಿಯಕೂಡದು.

ಇನ್ನು ಕೆಲಸಕ್ಕೆ ಬರೋಣ. ನಾವು ಇಲ್ಲಿ ಉದ್ದೇಶಿಸಿರುವುದು 2014ರವರೆಗೆ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಡರಿನಂತೆ ಹಿಂಗಾಲಿಗಳನ್ನು ತಿರುಗಿಸುವ ಕಾರುಗಳನ್ನು. ಮಾರುತಿ 800ರಂತೆ ಮುಂಗಾಲಿಗಳನ್ನು ತಿರುಗಿಸುವ ಕಾರುಗಳಲ್ಲಿ ಗಾಲಿಗಳ ದಂಡಗಳನ್ನೂ ಹೊರತೆಗೆಯಬೇಕಾಗುವುದರಿಂದ ಕ್ರಮ ಬೇರೆ. ಯಾವ ಕಾರಾದರೂ ಅದರ ಕೈಪಿಡಿ ಹತ್ತಿರವಿರಲಿ.

ಜ್ಯಾಕು ಎತ್ತುವುದಕ್ಕೆ, ಹೊರುವುದಕ್ಕೆ ಉಕ್ಕಿನ ಸ್ಟ್ಯಾಂಡುಗಳು. ಈ ಭೇದವನ್ನು ಮರೆತವರು ಪ್ರಾಣ ಕಳೆದುಕೊಂಡಿದ್ದಾರೆ. ಗಟ್ಟಿಯಾದ ಸಮತಲದ ನೆಲದ ಮೇಲೆ ಕಾರನ್ನೆತ್ತಿ, ಕೈಪಿಡಿ ತೋರಿಸುವ ಎಡೆಗಳಲ್ಲಿ ಸ್ಟ್ಯಾಂಡುಗಳನ್ನಿಟ್ಟು, ನೆಲ ಮುಟ್ಟಿರುವ ಗಾಲಿಗಳಿದ್ದರೆ ಅವಕ್ಕೆ ಅಡ್ಡಗಟ್ಟೆ ಕೊಡಬೇಕು. ಇಟ್ಟಿಗೆಗಳ ರಾಶಿಯನ್ನು ಎಂದಿಗೂ ನಂಬಬಾರದು; ಇಟ್ಟಿಗೆ ಮುನ್ಸೂಚನೆ ಕೊಡದೆ ಸೀಳುತ್ತದೆ. ಅಡಿಗೆ ತೆವಳುವ ಮೊದಲು ಕಾರನ್ನು ಪಕ್ಕದಿಂದ ಬಲವಾಗಿ ಅಲುಗಿಸಿ ನೋಡಿರಿ. ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿರಿ.

ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಗೇರೆಣ್ಣೆಯನ್ನು ಬಸಿದು, ಹಿಂದಕ್ಕೆ ಹೋಗುವ ಉದ್ದನೆಯ ದಂಡದ ಎರಡೂ ಅಂಚುಗಳಿಗೆ ಗುರುತು ಹಾಕಿ ಬಿಚ್ಚಿರಿ. ಮರುಜೋಡಣೆಯಲ್ಲಿ ಅದು ಹಿಂದಿನ ಸ್ಥಾನದಲ್ಲಿಯೇ ಕೂಡದಿದ್ದರೆ ಕಾರು ಅದುರುತ್ತದೆ. ಸ್ಟಾರ್ಟರು, ವೇಗಮಾಪಕದ ತಂತಿ, ಗೇರು ಹಾಕುವ ಕೊಂಡಿಗಳು ಕಳಚಿದ ಮೇಲೆ ಎಂಜಿನಿನ ಹಿಂಭಾಗಕ್ಕೆ ಮರದ ಹಲಗೆಯಿಟ್ಟು ಜ್ಯಾಕಿನಿಂದ ಆಸರೆ ಕೊಡಬೇಕು. ಗೇರುಪೆಟ್ಟಿಗೆಗೂ ಬೇರೊಂದು ಆಸರೆ ಬೇಕು. ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆಳೆಯುವಾಗ ಅದರ ಭಾರ ದಂಡದ ಮೇಲೆ ಜೋತುಬೀಳಬಾರದು. ಬಿದ್ದರೆ ಬಿಲ್ಲೆ ಬಗ್ಗುತ್ತದೆ. ಹಳೆಯದಾದರೆ ಚಿಂತೆಯಿಲ್ಲ, ಮರುಜೋಡಣೆಯಲ್ಲಿ ಹೊಸ ಬಿಲ್ಲೆಗೂ ಅದೇ ಗತಿಯೆಂಬುದು ನೆನಪಿರಲಿ.

ಈಗ ಕ್ಲಚ್ಚು ಕಾಣುತ್ತದೆ, ಮೈತುಂಬ ಕರಿಯ ಧೂಳು. ಹಳೆಯ ಬಿಲ್ಲೆಗಳ ಲೈನಿಂಗಿನಲ್ಲಿ ಕಲ್ನಾರು ಬೆರೆತಿರುತ್ತಿತ್ತು. ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕರೆ ಹಲವು ವರ್ಷಗಳ ಬಳಿಕವೂ ಕ್ಯಾನ್ಸರನ್ನು ತರಬಲ್ಲವು. ಆದ್ದರಿಂದ ಧೂಳನ್ನು ಗಾಳಿಯಿಂದ ಊದಬಾರದು, ಒಣ ಪೊರಕೆಯಿಂದ ಗುಡಿಸಲೂಬಾರದು. ತಕ್ಕ ಮುಖವಾಡ ತೊಟ್ಟು, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ತೆಗೆದು, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಹಾಕಬೇಕು.

ತಟ್ಟೆಯ ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದು ಸುತ್ತು ಸಡಿಲಿಸಿರಿ. ಒಂದೇ ಕಡೆ ಬಿಚ್ಚಿದರೆ ತಟ್ಟೆಯ ಕವಚ ಸೊಟ್ಟಗಾಗುತ್ತದೆ. ಫ್ಲೈವೀಲಿನಲ್ಲಿ ಬಿರುಕು, ಆಳವಾದ ಗೀರು, ಸುಟ್ಟ ನೀಲಿ ಮಚ್ಚೆಗಳಿದ್ದರೆ ಅದನ್ನು ಲೇತಿನವರಲ್ಲಿಗೆ ಒಯ್ಯಬೇಕು. ತಟ್ಟೆಯನ್ನು ಸರಿಸುವ ಬೇರಿಂಗನ್ನೂ ಇದೇ ಸಮಯದಲ್ಲಿ ಬದಲಿಸುವುದು ಜಾಣತನ.

ಹೊಸ ಬಿಲ್ಲೆಯನ್ನು ಅಂಚಿನಲ್ಲಿ ಹಿಡಿಯಿರಿ, ಕೈಯ ಜಿಡ್ಡು ಮುಖಕ್ಕೆ ಸೋಕದಿರಲಿ. ಫ್ಲೈವೀಲಿನ ಕಡೆಗೆ ಯಾವ ಮುಖವೆಂಬುದು ಹಲವು ಬಿಲ್ಲೆಗಳ ಮೇಲೆಯೇ ಅಚ್ಚಾಗಿರುತ್ತದೆ. ತಿರುಗುಮುರುಗಾಗಿ ಹಾಕಿದರೆ ಕ್ಲಚ್ಚು ಬಿಡಿಸಿಕೊಳ್ಳದು. ಬಿಲ್ಲೆ ಕೇಂದ್ರದಲ್ಲಿರುವುದೂ ಅಷ್ಟೇ ಅವಶ್ಯಕ, ಏಕೆಂದರೆ ತಟ್ಟೆ ಬಿಗಿದ ಮೇಲೆ ಅದು ಅಲುಗದು. ಒಂದೆರಡು ಮಿಲಿಮೀಟರು ತಪ್ಪಿದರೂ ಗೇರುಪೆಟ್ಟಿಗೆಯ ದಂಡ ಒಳಹೊಗುವುದಿಲ್ಲ. ಹಳೆಯ ಗೇರುಪೆಟ್ಟಿಗೆಯೊಂದರ ಅದೇ ಅಳತೆಯ ದಂಡವನ್ನು ಬಿಲ್ಲೆಯ ನಡುವೆ ತೂರಿಸಿಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಕೊನೆಗೆ ದಂಡವನ್ನು ಎಳೆದುಕೊಳ್ಳಬೇಕು. ಅದು ಸಲೀಸಾಗಿ ಹೊರಬಂದರೆ ಸರಿಯಾಯಿತು. ಬಳಿಕವೂ ಪೆಟ್ಟಿಗೆ ಕೂಡದಿದ್ದರೆ ಬೋಲ್ಟುಗಳನ್ನು ಬಿಗಿದು ಎಳೆದುಕೊಳ್ಳುವ ದುರಾಸೆ ಬೇಡ, ಕವಚವೇ ಸೀಳೀತು. ಹಿಂಬದಿಯ ದಂಡವನ್ನು ಗೇರಿನಲ್ಲಿಟ್ಟು ತುಸು ತಿರುಗಿಸಿದರೆ ಹಲ್ಲುಗಳು ಹೊಂದಿಕೊಳ್ಳುತ್ತವೆ.

ಗೇರೆಣ್ಣೆಯನ್ನು ತುಂಬಿಸಲು ಮರೆಯದಿರಿ. ಕೊಂಡಿಗಳಿಂದ ನಡೆಯುವ ಕ್ಲಚ್ಚಾದರೆ ಪೆಡಲಿನಲ್ಲಿ ಕೈಪಿಡಿ ಹೇಳುವಷ್ಟು ಸಡಿಲವನ್ನು ಉಳಿಸಬೇಕು. ಸಡಿಲವಿಲ್ಲದಿದ್ದರೆ ಬೇರಿಂಗು ಸದಾ ಒತ್ತುತ್ತಿದ್ದು ಬಿಲ್ಲೆ ಮತ್ತೆ ಜಾರತೊಡಗುತ್ತದೆ. ಮೊದಲ ಕೆಲವು ನೂರು ಕಿಲೊಮೀಟರು ಬಿಲ್ಲೆ ತನ್ನ ಮುಖವನ್ನು ಹೊಂದಿಸಿಕೊಳ್ಳುವವರೆಗೆ ಹೆಚ್ಚು ಭಾರವನ್ನು ಹೇರದೆ, ಘಟ್ಟದ ದಾರಿಯನ್ನು ತಪ್ಪಿಸಿ ಕಾರನ್ನು ನಡೆಸುವುದು ಒಳ್ಳೆಯದು.